ಮರದಚ್ಚಿನಲ್ಲಿ ಸುರಿದ ಮಳೆ

'ಸೇತು' ಎಂಬ ಶಬ್ದವು 'ಕಟ್ಟು, ಬಂಧಿಸು' ಎಂಬ ಅರ್ಥವುಳ್ಳ ಸಂಸ್ಕೃತ ಧಾತುವಿನಿಂದ ಹುಟ್ಟಿದುದು. ನೀರು ಬೇರ್ಪಡಿಸಿದ ಎರಡು ದಡಗಳನ್ನು ಕಟ್ಟಿ ಹಿಡಿಯುವುದೇ ಸೇತು. ಆದರೆ ಮಹಾಕಾವ್ಯಕ್ಕೆ ಅವಶ್ಯವೆಂದು ಲಾಕ್ಷಣಿಕರು ಎಣಿಸಿದ ಅಷ್ಟಾದಶ ವರ್ಣನೆಗಳಲ್ಲಿ ನಗರವಿದೆ, ಸಮುದ್ರವಿದೆ, ಪರ್ವತವಿದೆ, ಋತುಗಳಿವೆ, ಸೂರ್ಯೋದಯ ಚಂದ್ರೋದಯಗಳಿವೆ. ಸೇತುವೆಗೆ ಪ್ರತ್ಯೇಕವಾದ ಸ್ಥಾನವಿಲ್ಲ. ಇದು ಆಶ್ಚರ್ಯವೇನಲ್ಲ. ಜನರು ಸೇತುವೆಯ ಮೇಲೆ ನಡೆದುಹೋಗುತ್ತಾರೆಯೇ ಹೊರತು ಅದನ್ನು ನಿಂತು ನೋಡುವವರು ವಿರಳ. ಉಪಕಾರವನ್ನು ನಿತ್ಯವೂ ಮಾಡುವ ವಸ್ತುವು ಕಣ್ಣಿಗೆ ಬೀಳುವುದು ಕಡಮೆ.

ಈ ಮಾತಿಗೆ ಅಪವಾದವಾದವರು ಜಪಾನ್ ದೇಶದ ಚಿತ್ರಕಾರರು. ಅವರ ಮರದಚ್ಚಿನ ಚಿತ್ರಗಳಲ್ಲಿ ಸೇತುವೆಗಳಿಗೆ ಸಿಕ್ಕಿರುವ ಆದರ ಅಸಾಧಾರಣವಾದುದು. ಅಂಥ ಚಿತ್ರಗಳಲ್ಲಿ ಜಗತ್ಪ್ರಸಿದ್ಧವಾದುದೊಂದು, 1857ರಲ್ಲಿ ಎಡೊ ನಗರದಲ್ಲಿ ಅಚ್ಚಾದ 'ಮಹಾಸೇತುವೆ ಮತ್ತು ಅತಾಕೆಯ ಮೇಲೆ ಹಠಾತ್ತನೆ ಸುರಿದ ಸಂಜೆಮಳೆ'. ಸುಮಾರು 34 ಸೆಂಟಿಮೀಟರ್ ಎತ್ತರ, 22 ಸೆಂಟಿಮೀಟರ್ ಅಗಲದ ಒಂದು ಹಾಳೆ. ಅದರಲ್ಲಿ ಒಂದು ಮರದ ಸೇತುವೆ, ಒಂದು ನದಿ, ಕೆಲವರು ದಾರಿಹೋಕರು, ಒಂದು ತೆಪ್ಪ, ಮತ್ತು ಮಳೆ. ಇಷ್ಟೇ ವಸ್ತು. ಚಿತ್ರದ ಮೇಲೆ ಉತಗಾವಾ ಹಿರೋಶಿಗೆಯ ಅಂಕಿತವಿದೆ. ಆದರೂ ಈ ಚಿತ್ರ ನಿಜವಾಗಿ ಯಾರದು ಎಂಬ ಪ್ರಶ್ನೆಗೆ ಆ ಅಂಕಿತವೊಂದೇ ಪೂರ್ಣವಾದ ಉತ್ತರವಲ್ಲ. ಚಿತ್ರದ ಸೌಂದರ್ಯವನ್ನು ಅರಿಯಹೊರಟವರು ಅದು ಹುಟ್ಟಿದ ಬಗೆಯನ್ನೂ ಅರಿಯಬೇಕಾಗುತ್ತದೆ. ಅರಿತ ಮೇಲೆ ಆ ಒಂದು ಹೆಸರಿನ ಹಿಂದೆ ಹಲವು ಕೈಗಳು ಕಾಣಿಸಿಕೊಳ್ಳುತ್ತವೆ.

ಮೊದಲು ಸೇತುವೆಯ ವಿಚಾರ. ಇಂದು ಟೋಕಿಯೊ ಎಂದು ಕರೆಯಲ್ಪಡುವ ನಗರಕ್ಕೆ 1868ರವರೆಗೆ ಎಡೊ ಎಂಬ ಹೆಸರಿದ್ದಿತು. ತೊಕುಗಾವಾ ವಂಶದ ಶೋಗನ್ನರು ಅಲ್ಲಿಂದ ಇಡೀ ಜಪಾನನ್ನು ಆಳುತ್ತಿದ್ದರು. ನಗರದ ಪೂರ್ವಕ್ಕೆ ಸುಮಿದಾ ಎಂಬ ವಿಶಾಲವಾದ ನದಿ ಹರಿಯುತ್ತದೆ. ಈ ನದಿಗೆ ರ್‍ಯೋಗೊಕು ಎಂಬಲ್ಲಿ ಮೊದಲೇ ಒಂದು ಸೇತುವೆ ಇದ್ದು, ಅದನ್ನು ಜನರು 'ಓಹಾಶಿ', ಅಂದರೆ ಮಹಾಸೇತುವೆ ಎಂದು ಕರೆಯುತ್ತಿದ್ದರು. 1693ರಲ್ಲಿ ಅದರ ಕೆಳಹರಿವಿನಲ್ಲಿ ಮತ್ತೊಂದನ್ನು ಕಟ್ಟಿದಾಗ ಅದಕ್ಕೆ 'ಶಿನ್-ಓಹಾಶಿ', ಹೊಸ ಮಹಾಸೇತುವೆ, ಎಂಬ ಹೆಸರು ಬಂದಿತು. ಉದ್ದ 180 ಮೀಟರಿಗೂ ಮಿಗಿಲು, ಸಂಪೂರ್ಣವಾಗಿ ಮರದ್ದು. ಪ್ರಸಿದ್ಧ ಕವಿ ಬಾಶೊ ಆಗ ಅದರ ಸಮೀಪದ ಫುಕಗಾವಾದಲ್ಲಿ ವಾಸವಾಗಿದ್ದು, ಸೇತುವೆ ಕಟ್ಟುತ್ತಿದ್ದುದನ್ನು ಕಂಡು ಪದ್ಯ ರಚಿಸಿದನು. ಚಿತ್ರದ ಹೆಸರಿನಲ್ಲಿ ಬರುವ ಅತಾಕೆ ಎಂಬುದು ಎದುರು ದಡದ ಪ್ರದೇಶ. ಅಲ್ಲಿ ಶೋಗನ್ನರ ನೌಕಾಗೃಹಗಳಿದ್ದವು. ಹದಿನೇಳನೆಯ ಶತಮಾನದಲ್ಲಿ ಅಲ್ಲಿ ಕಟ್ಟಿಹಾಕಿದ್ದ 'ಅತಾಕೆಮಾರು' ಎಂಬ ಬೃಹತ್ತಾದ ಹಡಗು 1682ರಲ್ಲಿ ಒಡೆಯಲ್ಪಟ್ಟರೂ ಅದರ ಹೆಸರು ಆ ನೆಲಕ್ಕೆ ಅಂಟಿಕೊಂಡು ಉಳಿಯಿತು.

ಮರದ ಸೇತುವೆಯನ್ನು ಕಟ್ಟುವುದಕ್ಕಿಂತ ಕಾಪಾಡುವುದು ಕಷ್ಟ. ಪ್ರವಾಹ ಬಂದರೆ ಕಂಬಗಳು ಸಡಿಲಗೊಳ್ಳುತ್ತವೆ. ಬೆಂಕಿ ಬಿದ್ದರೆ ಹಲಗೆಗಳು ಉರಿಯುತ್ತವೆ. ಎರಡೂ ಇಲ್ಲದಿದ್ದರೆ ನೀರಿನಲ್ಲಿ ನಿಂತ ಮರ ತಾನಾಗಿಯೇ ಕೊಳೆಯುತ್ತದೆ. ಶಿನ್-ಓಹಾಶಿಯು ಮತ್ತೆ ಮತ್ತೆ ಮುರಿದು ಮತ್ತೆ ಮತ್ತೆ ದುರಸ್ತಿಯಾಯಿತು. ಈ ವೆಚ್ಚವನ್ನು ತಾಳಲಾರದೆ ಶೋಗನ್ನರ ಸರ್ಕಾರವು ಹದಿನೆಂಟನೆಯ ಶತಮಾನದಲ್ಲಿ ಸೇತುವೆಯನ್ನೇ ತೆಗೆದುಹಾಕಲು ನಿಶ್ಚಯಿಸಿತು. ಆಗ ಊರಿನ ಜನರು ಮುಂದೆ ಬಂದು ಬಿನ್ನವಿಸಿಕೊಂಡರು. ಸೇತುವೆಯ ಖರ್ಚನ್ನೆಲ್ಲ ತಾವೇ ಹೊರುವುದಾದರೆ ಅದು ಉಳಿಯಬಹುದೆಂದು 1744ರಲ್ಲಿ ಅನುಮತಿ ದೊರೆಯಿತು. ಅಂದಿನಿಂದ ಸೇತುವೆಯ ಬುಡದಲ್ಲಿ ಸಂತೆ ಕೂಡಿಸಿ, ವಂತಿಗೆ ಎತ್ತಿ, ದಾಟುವ ಪ್ರತಿಯೊಬ್ಬನಿಂದ ಎರಡು ಮೊನ್ ಎಂಬ ಅಲ್ಪನಾಣ್ಯವನ್ನು ಪಡೆದು ಜನರೇ ಅದನ್ನು ಉಳಿಸಿಕೊಂಡು ಬಂದರು. ಈ ಜಾಗರೂಕತೆ ಎಷ್ಟು ಅವಶ್ಯವೆಂಬುದನ್ನು ಅದೇ ನದಿಯ ಕೆಳಹರಿವಿನ ಎಯ್ತಾಯ್ ಸೇತುವೆಯ ಕಥೆ ತೋರಿಸುತ್ತದೆ. 1807ರಲ್ಲಿ, ಉತ್ಸವ ನೋಡಲು ನೆರೆದ ಜನಸಂದಣಿಯ ಭಾರಕ್ಕೆ ಆ ಸೇತುವೆ ಕುಸಿದು ನೂರಾರು ಮಂದಿ ನೀರುಪಾಲಾದರು. ಎಡೊ ನಗರದವರಿಗೆ ಸೇತುವೆಯೆಂದರೆ ಕೇವಲ ನೋಟದ ಚೆಲುವಲ್ಲ. ಪ್ರಾಣವನ್ನು ನಂಬಿ ಒಪ್ಪಿಸುವ ಆಧಾರ.

ಹಾಗೆ ಜನರು ಉಳಿಸಿಕೊಂಡ ಸೇತುವೆಯನ್ನು ಚಿತ್ರಿಸಿದ ಹಿರೋಶಿಗೆ ಅದೇ ನಗರದಲ್ಲಿ 1797ರಲ್ಲಿ ಜನಿಸಿದವನು. ತಂದೆಯ ಮನೆತನದ ಹೆಸರು ಆಂದೊ. ಶೋಗನ್ನರ ಕೋಟೆಯ ಪರಿಸರದಲ್ಲಿ ಬೆಂಕಿ ಹತ್ತದಂತೆ ಕಾಯುವ ಕಿರಿಯ ಅಧಿಕಾರ ಆ ಮನೆಗೆ ವಂಶಪಾರಂಪರ್ಯವಾಗಿ ಬಂದಿದ್ದಿತು. 1809ರಲ್ಲಿ ತಾಯಿತಂದೆಗಳಿಬ್ಬರೂ ತೀರಿಕೊಂಡರು. ಇನ್ನೂ ಆಟವಾಡುವ ವಯಸ್ಸಿನ ಬಾಲಕನ ಹೆಗಲಿಗೆ ಬೆಂಕಿಕಾವಲಿನ ಹುದ್ದೆ ಬಿದ್ದಿತು. ಸಂಬಳ ಅಲ್ಪ; ಆದರೆ ಬಿಡುವು ಇದ್ದಿತು. 1811ರ ಸುಮಾರಿಗೆ ಅವನು ಉತಗಾವಾ ತೊಯೊಹಿರೊ ಎಂಬ ಚಿತ್ರಕಾರನ ಬಳಿ ಶಿಷ್ಯನಾಗಿ ಸೇರಿದನು. ಗುರುವಿನ ಹೆಸರಿನ ಒಂದು ಅಕ್ಷರವನ್ನು ಶಿಷ್ಯನು ತನ್ನ ಹೆಸರಿನಲ್ಲಿ ಧರಿಸುವುದು ಅಲ್ಲಿಯ ಸಂಪ್ರದಾಯ. ತೊಯೊಹಿರೊವಿನ 'ಹಿರೊ' ಎಂಬ ಅಕ್ಷರವನ್ನು ಪಡೆದು ಅವನು 'ಹಿರೋಶಿಗೆ' ಎನಿಸಿಕೊಂಡನು. ಗುರುಕುಲದ ಋಣ ಹೀಗೆ ಆಜೀವವೂ ಹೆಸರಿನಲ್ಲಿ ನಿಂತಿತು.

ಬಹಳ ವರ್ಷಗಳವರೆಗೆ ಅವನಿಗೆ ಹೇಳಿಕೊಳ್ಳುವಂಥ ಕೀರ್ತಿ ಬರಲಿಲ್ಲ. ನಟರ, ಸುಂದರಿಯರ, ಯೋಧರ ಚಿತ್ರಗಳನ್ನು ಬರೆದುಕೊಂಡಿದ್ದನು. ಎಡೊದಿಂದ ಕ್ಯೋತೊ ನಗರಕ್ಕೆ ಹೋಗುವ ರಾಜಮಾರ್ಗದ ತಂಗುದಾಣಗಳನ್ನು ಕುರಿತು 1833-34ರಲ್ಲಿ ಪ್ರಕಟವಾದ 'ತೊಕೈದೊ ಮಾರ್ಗದ ಐವತ್ತಮೂರು ನಿಲ್ದಾಣಗಳು' ಎಂಬ ಚಿತ್ರಮಾಲೆ ಅವನನ್ನು ಮನೆಮಾತಾಗಿಸಿತು. ಮಳೆ, ಮಂಜು, ಹಿಮ, ಬೆಳದಿಂಗಳು, ಇವುಗಳ ನಡುವೆ ತನ್ನ ಪಾಡಿಗೆ ನಡೆಯುವ ಸಾಮಾನ್ಯ ಮನುಷ್ಯ: ಇದು ಅವನಿಗೆ ಒಲಿದ ವಸ್ತು. ಅವನ ಸಮಕಾಲೀನನೂ ಹಿರಿಯನೂ ಆದ ಹೊಕುಸಾಯ್ ಪ್ರಕೃತಿಯ ಅದ್ಭುತವನ್ನು ಕಂಡವನಾದರೆ, ಹಿರೋಶಿಗೆ ಅದರ ಆರ್ದ್ರತೆಯನ್ನು ಕಂಡವನು.

1855ರ ನವೆಂಬರ್ 11ರ ರಾತ್ರಿ ಎಡೊ ನಗರದಲ್ಲಿ ಭೀಕರವಾದ ಭೂಕಂಪವಾಯಿತು. ಮನೆಗಳು ಉರುಳಿದವು, ಅಲ್ಲಲ್ಲಿ ಎದ್ದ ಬೆಂಕಿ ಉಳಿದುದನ್ನು ಸುಟ್ಟಿತು, ಸಾವಿರಾರು ಜನ ಮಡಿದರು. ಮರುವರ್ಷ, 1856ರಲ್ಲಿ, ಹಿರೋಶಿಗೆ ತಲೆ ಬೋಳಿಸಿಕೊಂಡು ಬೌದ್ಧ ವಿರಕ್ತನಾದನು; ಅದೇ ವರ್ಷ 'ಎಡೊ ನಗರದ ನೂರು ಪ್ರಸಿದ್ಧ ನೋಟಗಳು' ಎಂಬ ತನ್ನ ಕೊನೆಯ ಮಹಾಮಾಲೆಯನ್ನು ಆರಂಭಿಸಿದನು. ವಿರಕ್ತಿಯೂ ಅನುರಕ್ತಿಯೂ ಒಂದೇ ವರ್ಷದಲ್ಲಿ ಕೂಡಿಬಂದುದು ಗಮನಾರ್ಹ. ಬೆಂಕಿಕಾವಲಿನ ಮನೆಯಲ್ಲಿ ಹುಟ್ಟಿದವನು ಬೆಂದು ಬಿದ್ದ ತನ್ನ ಊರನ್ನು ಬೀದಿಬೀದಿಯಾಗಿ, ಸೇತುವೆ ಸೇತುವೆಯಾಗಿ, ಕಾಗದದ ಮೇಲೆ ಮತ್ತೆ ನಿಲ್ಲಿಸಿದನು. ಹೆಸರಿಗೆ ನೂರು ನೋಟಗಳಾದರೂ ಮಾಲೆ ನೂರನ್ನು ಮೀರಿ ಬೆಳೆಯಿತು. 1858ರ ಅಕ್ಟೋಬರಿನಲ್ಲಿ, ನಗರದಲ್ಲಿ ಕಾಲರಾ ಹಬ್ಬಿದ್ದ ಕಾಲದಲ್ಲಿ, ಹಿರೋಶಿಗೆ ಮರಣ ಹೊಂದಿದನು. ಉಳಿದ ಕೆಲವು ಹಾಳೆಗಳು ಅವನ ನಂತರ ಹೊರಬಂದವು. ಋತುಗಳಿಗನುಸಾರವಾಗಿ ಮಾಲೆಯನ್ನು ವಿಂಗಡಿಸಿದಾಗ ಸೇತುವೆಯ ಮಳೆಚಿತ್ರವು ಗ್ರೀಷ್ಮದ ಭಾಗಕ್ಕೆ ಸೇರಿತು. ಅದರ ಮೂಲ ಹೆಸರಿನಲ್ಲಿರುವ 'ಯೂದಾಚಿ' ಎಂಬ ಶಬ್ದಕ್ಕೆ ಬೇಸಗೆಯ ಸಂಜೆ ಮುನ್ಸೂಚನೆಯಿಲ್ಲದೆ ಎರಗಿ, ಬೇಗನೆ ತೀರಿಹೋಗುವ ಬಿರುಮಳೆ ಎಂದರ್ಥ.

ಇನ್ನು ಚಿತ್ರವನ್ನು ನೋಡಬಹುದು. ನೋಡುವವನ ಕಣ್ಣು ಎತ್ತರದಲ್ಲಿದೆ. ಹಕ್ಕಿಯೊಂದು ಮಳೆಯಲ್ಲಿ ಹಾರುತ್ತ ಕೆಳಗೆ ನೋಡಿದಂತೆ. ಚಿತ್ರದ ಕೆಳಭಾಗದಲ್ಲಿ ಸೇತುವೆಯ ಹಳದಿ ಬಣ್ಣದ ಹಾಸು ಓರೆಯಾಗಿ ಚಾಚಿದೆ. ಅದರ ಎರಡು ತುದಿಗಳೂ ಹಾಳೆಯ ಅಂಚಿನಲ್ಲಿ ಕತ್ತರಿಸಿಹೋಗಿವೆ. ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು ಎಂಬುದು ಕಾಣದು. ದೂರದ ಅತಾಕೆಯ ದಡ ಬೂದುಬಣ್ಣದ ನೆರಳಿನಂತೆ ಮತ್ತೊಂದು ದಿಕ್ಕಿಗೆ ಓರೆಯಾಗಿದೆ. ಈ ಎರಡು ಓರೆಗಳು ಪರಸ್ಪರ ಹೊಂದದಿರುವುದರಿಂದ ಇಡೀ ದೃಶ್ಯಕ್ಕೆ ಒಂದು ಬಗೆಯ ಅಲುಗಾಟ ಬಂದಿದೆ. ನೆಲವೇ ತುಸು ವಾಲಿದಂತೆ ತೋರುತ್ತದೆ. ನಡುವೆ ನದಿ; ಒಂದೆಡೆ ದಟ್ಟನೀಲಿ, ಮತ್ತೊಂದೆಡೆ ತಿಳಿನೀಲಿ. ನದಿಯಲ್ಲಿ ಮರದ ದಿಮ್ಮಿಗಳನ್ನು ಕಟ್ಟಿದ ತೆಪ್ಪವೊಂದನ್ನು ಒಬ್ಬನೇ ಒಬ್ಬ ಗಳೆ ಹಿಡಿದು ಸಾಗಿಸುತ್ತಿದ್ದಾನೆ. ಮೇಲೆ, ಹಾಳೆಯ ನೆತ್ತಿಯಲ್ಲಿ, ಕಾಡಿಗೆಯಂಥ ಮೋಡ. ಆ ಮೋಡದಿಂದ ಸೇತುವೆಯವರೆಗೆ, ನದಿಯವರೆಗೆ, ಮಳೆಯ ಕೂದಲೆಳೆಯಂಥ ಗೆರೆಗಳು ಇಳಿದಿವೆ.

ಸೇತುವೆಯ ಮೇಲಿನ ಜನರು ಬೆನ್ನು ಬಗ್ಗಿಸಿ, ಬಟ್ಟೆಯನ್ನು ಮೇಲಕ್ಕೆತ್ತಿ ಹಿಡಿದು ಓಡುತ್ತಿದ್ದಾರೆ. ಕೆಲವರಿಗೆ ಕೊಡೆಯ ಆಸರೆ ಇದೆ; ಅದಿಲ್ಲದವರು ಸಿಕ್ಕಿದುದನ್ನು ತಲೆಯ ಮೇಲೆ ಎಳೆದುಕೊಂಡಿದ್ದಾರೆ. ಯಾರ ಮುಖವೂ ಸ್ಪಷ್ಟವಾಗಿ ಕಾಣುವುದಿಲ್ಲ. ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಸ್ವಭಾವೋಕ್ತಿ. ಉಪಮೆ ಉತ್ಪ್ರೇಕ್ಷೆಗಳ ಆಡಂಬರವಿಲ್ಲದೆ ವಸ್ತುವನ್ನು ಅದು ಇರುವಂತೆ ಹೇಳುವ ಅಲಂಕಾರ. ಆದರೆ ವಾಚ್ಯವಾದ ಈ ದೃಶ್ಯದ ಹಿಂದೆ ಧ್ವನಿಯೊಂದಿದೆ. ಭಯವನ್ನು ಮುಖದಲ್ಲಿ ಬರೆಯದೆ ಬಗ್ಗಿದ ಬೆನ್ನಿನಲ್ಲಿ ಸೂಚಿಸಿರುವುದು ಒಂದು. ಓಡುವವರ ಅವಸರಕ್ಕೆ ಪ್ರತಿಯಾಗಿ, ಓಡಲು ಎಲ್ಲಿಗೂ ದಾರಿಯಿಲ್ಲದ ತೆಪ್ಪದವನ ಸಾವಧಾನವನ್ನು ಇಟ್ಟಿರುವುದು ಮತ್ತೊಂದು. ಸೇತುವೆಯ ಮೇಲಿರುವವರು ಮಳೆಯಿಂದ ತಪ್ಪಿಸಿಕೊಳ್ಳುವ ಆಸೆಯುಳ್ಳವರು. ನೀರಿನ ಮೇಲಿರುವವನು ಆ ಆಸೆಯನ್ನು ಬಿಟ್ಟು ತನ್ನ ಕೆಲಸದಲ್ಲಿ ನಿಂತವನು. ಇಬ್ಬರ ಮೇಲೂ ಸುರಿಯುವ ಮಳೆ ಒಂದೇ.

ಈಗ ಈ ಮಳೆ ಹಾಳೆಯ ಮೇಲೆ ಬಂದ ಬಗೆಯನ್ನು ವಿವರಿಸಬೇಕು. ಚಿತ್ರಕಾರನು ಕುಂಚದಿಂದ ಎಳೆದ ಗೆರೆಯಲ್ಲ ಇದು. ಜಪಾನಿನ ಮರದಚ್ಚಿನ ಚಿತ್ರವು ನಾಲ್ವರ ಕೆಲಸ: ಬಂಡವಾಳ ಹಾಕಿ ಯೋಜಿಸುವ ಪ್ರಕಾಶಕ, ರೇಖಾಚಿತ್ರ ಬರೆಯುವ ಚಿತ್ರಕಾರ, ಮರ ಕೆತ್ತುವ ಶಿಲ್ಪಿ, ಬಣ್ಣ ಹಾಕಿ ಒತ್ತುವ ಮುದ್ರಕ. ಎಡೊದ ಈ ಮಾಲೆಗೆ ಪ್ರಕಾಶಕನಾಗಿದ್ದವನು ಉವೊಯಾ ಏಕಿಚಿ. ಏನನ್ನು ಪ್ರಕಟಿಸಬೇಕು, ಎಷ್ಟು ಬಣ್ಣಗಳಿಗೆ ಖರ್ಚು ಮಾಡಬಹುದು, ಯಾವ ಕೈಗೆ ಕೆತ್ತನೆಯನ್ನು ಒಪ್ಪಿಸಬೇಕು ಎಂಬುದನ್ನು ನಿರ್ಣಯಿಸುತ್ತಿದ್ದವನು ಪ್ರಕಾಶಕನೇ. ಸರ್ಕಾರದ ಪರಿಶೀಲಕರ ಒಪ್ಪಿಗೆಯ ಮುದ್ರೆಯಿಲ್ಲದೆ ಯಾವ ಚಿತ್ರವೂ ಹೊರಬರುವಂತಿರಲಿಲ್ಲ. ಅಂಥ ಮುದ್ರೆಯೊಂದಿಗೆ ತಿಂಗಳು ವರ್ಷಗಳೂ ಅಚ್ಚಾಗುತ್ತಿದ್ದುದರಿಂದಲೇ ಈ ಚಿತ್ರ 1857ರ ಒಂಬತ್ತನೆಯ ಚಾಂದ್ರಮಾಸದ್ದೆಂದು ಇಂದು ತಿಳಿಯುತ್ತದೆ.

ಚಿತ್ರಕಾರನು ತೆಳುವಾದ ಕಾಗದದ ಮೇಲೆ ಕಪ್ಪು ಮಸಿಯಲ್ಲಿ ರೇಖೆಗಳನ್ನಷ್ಟೇ ಬರೆದುಕೊಡುತ್ತಿದ್ದನು. ಕೆತ್ತುವವನು ಆ ಹಾಳೆಯನ್ನು ಕಾಡುಚೆರಿಯ ಮರದ ಹಲಗೆಯ ಮೇಲೆ ಮಗುಚಿ ಅಂಟಿಸುತ್ತಿದ್ದನು. ಬಳಿಕ ಕಾಗದದ ಬೆನ್ನನ್ನು ಬೆರಳಿನಿಂದ ನಯವಾಗಿ ಉಜ್ಜಿ ಉಜ್ಜಿ ತೆಗೆದರೆ, ಗೆರೆಗಳು ಎಡಬಲವಾಗಿ ಕಾಣಿಸಿಕೊಳ್ಳುತ್ತವೆ. ಆ ಗೆರೆಗಳನ್ನು ಅನುಸರಿಸಿ ಕೆತ್ತನೆ ನಡೆಯುತ್ತದೆ. ಕೆತ್ತನೆ ಮುಗಿಯುವಷ್ಟರಲ್ಲಿ ಚಿತ್ರಕಾರನ ಸ್ವಹಸ್ತದ ರೇಖಾಚಿತ್ರ ಪೂರ್ತಿಯಾಗಿ ನಾಶವಾಗಿರುತ್ತದೆ. ಬೀಜ ಅಳಿದು ಮೊಳಕೆ ಏಳುವಂತೆ, ಮೂಲ ಅಳಿದೇ ಅಚ್ಚು ಹುಟ್ಟಬೇಕು. ಹಿರೋಶಿಗೆಯ ಕೈಬರಹ ಎಂದು ಇಂದು ಮೆಚ್ಚುವ ಪ್ರತಿಯೊಂದು ರೇಖೆಯೂ ವಾಸ್ತವವಾಗಿ ಮತ್ತೊಬ್ಬನ ಚಾಣದ ಬಾಯಿಂದ ಹೊರಟದ್ದು.

ಮಳೆಯ ವಿಷಯದಲ್ಲಿ ಈ ಕೆಲಸದ ಕಷ್ಟ ಪರಾಕಾಷ್ಠೆಯನ್ನು ಮುಟ್ಟುತ್ತದೆ. ಉಬ್ಬಚ್ಚಿನಲ್ಲಿ ಗೆರೆಯನ್ನು ಕೊರೆಯುವಂತಿಲ್ಲ. ಗೆರೆಯನ್ನು ಉಳಿಸಿ ಅದರ ಎರಡು ಬದಿಯ ಮರವನ್ನು ತೆಗೆಯಬೇಕು. ಹಾಳೆಯ ಮೇಲೆ ಒಂದು ಮಳೆಗೆರೆ ಕಾಣಬೇಕಾದರೆ ಹಲಗೆಯ ಮೇಲೆ ಕೂದಲೆಳೆಯಷ್ಟು ತೆಳುವಾದ ಮರದ ಏಣು ಅಖಂಡವಾಗಿ ನಿಂತಿರಬೇಕು. ಅಂಥ ಏಣುಗಳು ಒಂದಲ್ಲ, ಎರಡಲ್ಲ, ಆಕಾಶದ ತುಂಬ. ಒಂದು ಕಡೆ ಉಳಿ ತುಸು ಜಾರಿದರೆ ಮಳೆಯ ಎಳೆ ಹರಿಯಿತು. ಹರಿದುದನ್ನು ಮತ್ತೆ ಸೇರಿಸುವುದು ಸುಲಭವಲ್ಲ. ಸಾಲದುದಕ್ಕೆ ಈ ಚಿತ್ರದ ಮಳೆ ಒಂದೇ ಹಲಗೆಯದಲ್ಲ. ಎರಡು ಹಲಗೆಗಳಲ್ಲಿ, ತುಸು ಬೇರೆಬೇರೆಯಾದ ಓರೆಗಳಲ್ಲಿ ಗೆರೆಗಳನ್ನು ಕೆತ್ತಿ, ಒಂದನ್ನು ತೆಳುವಾದ ಬಣ್ಣದಲ್ಲಿ, ಇನ್ನೊಂದನ್ನು ಗಾಢವಾದ ಬಣ್ಣದಲ್ಲಿ ಒಂದರ ಮೇಲೊಂದು ಒತ್ತಲಾಗಿದೆ. ಆದುದರಿಂದಲೇ ಮಳೆಗೆ ಆಳ ಬಂದಿದೆ, ಗಾಳಿಯ ಹೊಡೆತ ಬಂದಿದೆ. ಒಂದೇ ದಿಕ್ಕಿನ ಗೆರೆಗಳಾಗಿದ್ದರೆ ಅದು ಬಿದಿರಿನ ತಡಿಕೆಯಂತೆ ನಿಶ್ಚಲವಾಗಿರುತ್ತಿತ್ತು.

ಇಷ್ಟು ಹದ ಒಂದು ದಿನದಲ್ಲಿ ಬರುವುದಲ್ಲ. ಬಾಲಕನಾಗಿ ಕೆತ್ತನೆಯ ಮನೆಗೆ ಸೇರಿದವನು ಮೊದಲು ಉಳಿ ಮಸೆಯುತ್ತಿದ್ದನು. ಆಮೇಲೆ ಬೇಡವಾದ ಮರವನ್ನು ತೆಗೆಯುವ ಒರಟು ಕೆಲಸ. ಆಮೇಲೆ ಉಡುಪು, ಮರಗಿಡ, ಮನೆಗಳ ರೇಖೆ. ಮುಖ ಮತ್ತು ಕೂದಲುಗಳ ಸೂಕ್ಷ್ಮರೇಖೆ ಹಿರಿಯನಿಗೆ ಮೀಸಲು. ಹೀಗೆ ಹತ್ತು ವರ್ಷಗಳ ಶಿಷ್ಯವೃತ್ತಿ ಈ ವಿದ್ಯೆಗೆ ಅಸಾಧಾರಣವೇನೂ ಆಗಿರಲಿಲ್ಲ.

ಮುಖ್ಯವಾದ ರೇಖೆಗಳ ಹಲಗೆ ಸಿದ್ಧವಾದ ಮೇಲೆ ಅದರಿಂದ ಕೆಲವು ಪ್ರತಿಗಳನ್ನು ತೆಗೆದು, ಯಾವ ಬಣ್ಣ ಎಲ್ಲಿಗೆ ಎಂಬುದನ್ನು ಚಿತ್ರಕಾರನು ಗುರುತಿಸುತ್ತಿದ್ದನು. ಅದರಂತೆ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚನ್ನು ಕೆತ್ತಬೇಕು. ಇಷ್ಟು ಅಚ್ಚುಗಳು ಒಂದೇ ಹಾಳೆಯ ಮೇಲೆ ಕೂದಲಷ್ಟೂ ಸರಿಯದೆ ಕೂಡಬೇಕಾದರೆ ಉಪಾಯ ಬೇಕು. 'ಕೆಂತೋ' ಎಂಬ ಗುರುತು ಆ ಉಪಾಯ. ಪ್ರತಿ ಹಲಗೆಯ ಒಂದು ಮೂಲೆಯಲ್ಲಿ ಲಂಬಕೋನದ ಒಂದು ಗಚ್ಚು, ಅದೇ ಬದಿಯಲ್ಲಿ ಸ್ವಲ್ಪ ದೂರಕ್ಕೆ ನೇರವಾದ ಮತ್ತೊಂದು ಗಚ್ಚು. ಮುದ್ರಕನು ಹಾಳೆಯ ಮೂಲೆಯನ್ನು ಮೊದಲನೆಯದರಲ್ಲಿ ಕೂಡಿಸಿ, ಅಂಚನ್ನು ಎರಡನೆಯದಕ್ಕೆ ತಾಗಿಸಿ ಹಾಳೆಯನ್ನು ಇಳಿಸುತ್ತಾನೆ. ಬಹುವರ್ಣದ ಮುದ್ರಣ 1765ರ ಸುಮಾರಿಗೆ ಎಡೊದಲ್ಲಿ ಬಳಕೆಗೆ ಬಂದು 'ಜರತಾರಿ ಚಿತ್ರ' ಎಂಬ ಅರ್ಥದ ಹೆಸರನ್ನು ಪಡೆದುದಕ್ಕೆ ಈ ಎರಡು ಸಣ್ಣ ಗಚ್ಚುಗಳೇ ಆಧಾರ.

ಮುದ್ರಣಕ್ಕೆ ಯಂತ್ರವಿಲ್ಲ. ಹಿಪ್ಪುನೇರಳೆಯ ಬಂಧುವಾದ ಗಿಡವೊಂದರ ತೊಗಟೆಯ ನಾರಿನಿಂದ ಮಾಡಿದ ಗಟ್ಟಿ ಕಾಗದಕ್ಕೆ ಸರೇಸು ಮತ್ತು ಪಟಿಕದ ದ್ರವವನ್ನು ಸವರಿ ಒದ್ದೆಯಾಗಿ ಇಟ್ಟಿರುತ್ತಾರೆ. ಹಲಗೆಯ ಮೇಲೆ ನೀರಿನ ಬಣ್ಣವನ್ನು ಅಕ್ಕಿಯ ಅಂಟಿನೊಡನೆ ಕುಂಚದಿಂದ ಹರಡಿ, ಕಾಗದವನ್ನು ಇಟ್ಟು, ಅದರ ಬೆನ್ನನ್ನು 'ಬಾರೆನ್' ಎಂಬ ದುಂಡನೆಯ ಉಜ್ಜುಗೆಯಿಂದ ಕೈಬಲ ಹಾಕಿ ಉಜ್ಜುತ್ತಾರೆ. ಬಿದಿರಿನ ಮೊಳಕೆಯನ್ನು ಸುತ್ತಿಕೊಂಡಿರುವ ಹಾಳೆಯಿಂದ ಹುರಿ ಹೊಸೆದು, ಸುರುಳಿ ಸುತ್ತಿ, ಅದೇ ಹಾಳೆಯಿಂದ ಮುಚ್ಚಿ ಕಟ್ಟಿದ ಸಾಧನ ಅದು. ಪ್ರತಿ ಹಾಳೆಗೂ, ಪ್ರತಿ ಬಣ್ಣಕ್ಕೂ, ಈ ಕ್ರಿಯೆ ಪುನರಾವರ್ತನೆಯಾಗಬೇಕು.

ನದಿಯ ನೀಲಿ ಒಂದೆಡೆಯಿಂದ ಮತ್ತೊಂದೆಡೆಗೆ ತಿಳಿಯಾಗುತ್ತ ಹೋಗುವುದೂ, ಮೋಡದ ಕಪ್ಪು ಕೆಳಕ್ಕಿಳಿಯುತ್ತ ಕರಗುವುದೂ ಕೆತ್ತನೆಯಿಂದ ಆದುದಲ್ಲ. ಮುದ್ರಕನು ಹಲಗೆಯನ್ನು ನೀರಿನಿಂದ ತೇವಗೊಳಿಸಿ, ಬಣ್ಣವನ್ನು ಅದರಲ್ಲಿ ಹದವಾಗಿ ಹರಿಯಗೊಟ್ಟು ಒತ್ತುವ 'ಬೊಕಾಶಿ' ಎಂಬ ಕುಶಲತೆಯ ಫಲ ಅದು. ವಿಶೇಷವಾಗಿ ಮೋಡದ ಆಕಾರಕ್ಕೆ ಹಲಗೆಯಲ್ಲಿ ಗಡಿಯೇ ಇಲ್ಲ. ಮುದ್ರಕನ ಕೈ ಎಲ್ಲಿ ನಿಂತಿತೋ ಅಲ್ಲಿಗೆ ಮೋಡದ ಅಂಚು. ಆ ಕಾರಣದಿಂದ ಈ ಚಿತ್ರದ ಬೇರೆಬೇರೆ ಪ್ರತಿಗಳಲ್ಲಿ ಮೋಡ ಬೇರೆಬೇರೆಯಾಗಿರುವುದು ಕಂಡುಬರುತ್ತದೆ. ಒಂದೇ ಹಲಗೆಯಿಂದ ಬಂದ ಎರಡು ಪ್ರತಿಗಳಲ್ಲೂ ಸುರಿಯುವುದು ಒಂದೇ ಮಳೆಯಲ್ಲ.

ಆ ನೀಲಿಯ ಕಥೆಯೂ ಸ್ವಾರಸ್ಯವಾದುದು. ಜಪಾನಿನ ಮುದ್ರಕರು ಹಿಂದೆ ಹೂವಿನ ರಸದಿಂದಲೂ ನೀಲಿಯ ಗಿಡದಿಂದಲೂ ತೆಗೆದ ಬಣ್ಣಗಳನ್ನು ಬಳಸುತ್ತಿದ್ದರು. ಹೂವಿನ ನೀಲಿ ಬಿಸಿಲಿಗೆ, ತೇವಕ್ಕೆ ಬೇಗ ಮಾಸುತ್ತಿದ್ದಿತು. ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಬರ್ಲಿನ್ ನಗರದಲ್ಲಿ ಕೆಂಪು ಬಣ್ಣವನ್ನು ಮಾಡಹೊರಟವರಿಗೆ ಆಕಸ್ಮಿಕವಾಗಿ ದೊರೆತ, ಕಬ್ಬಿಣದ ಅಂಶವುಳ್ಳ ಗಾಢನೀಲಿಯೊಂದು ಡಚ್ಚರ ಮತ್ತು ಚೀನಿಯರ ವ್ಯಾಪಾರದ ಮೂಲಕ ಜಪಾನಿಗೆ ಬಂದಿತು. 1830ರ ಹೊತ್ತಿಗೆ ಅದು ಅಗ್ಗವಾಗಿ ಸಿಗತೊಡಗಿ ಮರದಚ್ಚಿನ ಚಿತ್ರಗಳ ಸ್ವರೂಪವನ್ನೇ ಬದಲಿಸಿತು. ಜಪಾನೀಯರು ಅದಕ್ಕೆ 'ಬೆರೋ-ಐ' ಎಂದರು. 'ಬೆರೋ' ಎಂಬುದು ಬರ್ಲಿನ್ನಿನ ತದ್ಭವ. ಹೊರದೇಶಗಳಿಗೆ ಬಾಗಿಲು ಮುಚ್ಚಿದ್ದ ನಾಡಿನ ನದಿಗೆ ಹೊರದೇಶದ ಬಣ್ಣ ಹೀಗೆ ಹರಿದುಬಂದಿತು.

ಇಷ್ಟು ಕೈಗಳು ದುಡಿದ ಈ ಚಿತ್ರದ ಬೆಲೆ ಆ ಕಾಲದಲ್ಲಿ ಒಂದೆರಡು ಬಟ್ಟಲು ಶಾವಿಗೆಯ ಊಟದಷ್ಟಿದ್ದಿತೆಂದು ಹೇಳುತ್ತಾರೆ. ಅಂಗಡಿಯ ಮುಂದೆ ತೂಗುಹಾಕಿದ್ದ ಹಾಳೆಯನ್ನು ಸಾಮಾನ್ಯ ಗೃಹಸ್ಥನು ಕೊಂಡು ಮನೆಗೆ ಒಯ್ಯಬಹುದಾಗಿದ್ದಿತು. ಹಳ್ಳಿಯಿಂದ ಬಂದವನು ರಾಜಧಾನಿಯ ನೆನಪಿಗೆಂದು ಊರಿಗೆ ಕೊಂಡುಹೋಗಬಹುದಾಗಿದ್ದಿತು. ಹಾಳೆಯ ಮೇಲೆ ಮಾಲೆಯ ಹೆಸರಿದೆ, ಸ್ಥಳದ ಹೆಸರಿದೆ, ಚಿತ್ರಕಾರನ ಹೆಸರಿದೆ, ಅಂಚಿನಲ್ಲಿ ಪ್ರಕಾಶಕನ ಹೆಸರೂ ಇದೆ. ಕೆತ್ತಿದವನ, ಒತ್ತಿದವನ ಹೆಸರುಗಳು ಇಂಥ ಚಿತ್ರಗಳಲ್ಲಿ ಅಪರೂಪ; ಬಹುತೇಕ ಅವು ಕಾಲಗರ್ಭದಲ್ಲಿ ಸೇರಿಹೋಗಿವೆ. ಮಳೆಯ ಒಂದೊಂದು ಎಳೆಯನ್ನೂ ಮರದಲ್ಲಿ ಉಳಿಸಿದವನು ಎಲ್ಲಿ ಹುಟ್ಟಿದನು, ಯಾರ ಶಿಷ್ಯನು, ಎಷ್ಟು ಕೂಲಿ ಪಡೆದನು ಎಂಬುದು ಆ ಹಾಳೆಯಿಂದ ತಿಳಿಯದು. ಅವನು ಬದುಕಿದ್ದನು ಎಂಬುದಕ್ಕೆ ಮಳೆಯೇ ಸಾಕ್ಷಿ.

ಹಿರೋಶಿಗೆ ಸತ್ತ ಮೂವತ್ತು ವರ್ಷಗಳೊಳಗೆ ಈ ಚಿತ್ರ ಭೂಮಿಯ ಇನ್ನೊಂದು ಬದಿಯಲ್ಲಿ ಹೊಸ ಜನ್ಮ ಪಡೆಯಿತು. ಜಪಾನಿನ ಬಂದರುಗಳು ತೆರೆದ ಮೇಲೆ ಅಲ್ಲಿಯ ಅಚ್ಚಿನ ಚಿತ್ರಗಳು ಯೂರೋಪಿಗೆ ಹೇರಳವಾಗಿ ಹೋದವು. ಪ್ಯಾರಿಸ್ಸಿನಲ್ಲಿದ್ದ ವಿನ್ಸೆಂಟ್ ವ್ಯಾನ್ ಗೋ ತನ್ನ ತಮ್ಮ ಥಿಯೊನೊಡನೆ ಅವುಗಳನ್ನು ನೂರುಗಟ್ಟಲೆ ಸಂಗ್ರಹಿಸಿದನು. 1887ರಲ್ಲಿ ಅವನು ಹಿರೋಶಿಗೆಯ ಈ ಸೇತುವೆಯನ್ನು ಎಣ್ಣೆಬಣ್ಣದಲ್ಲಿ ಪ್ರತಿ ಮಾಡಿದನು. ಸುತ್ತಲೂ ಅಂಚು ಕಟ್ಟಿ, ಬೇರೆ ಅಚ್ಚುಗಳಿಂದ ಎತ್ತಿಕೊಂಡ ಜಪಾನೀ ಅಕ್ಷರಗಳನ್ನು ಅದರಲ್ಲಿ ಬರೆದನು. ಆ ಪಟ ಈಗ ಆಂಸ್ಟರ್‌ಡ್ಯಾಮಿನಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯದಲ್ಲಿದೆ. ಎರಡನ್ನೂ ಹೋಲಿಸಿ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ವ್ಯಾನ್ ಗೋ ಮಹಾಪ್ರತಿಭಾಶಾಲಿ. ಬಣ್ಣಗಳನ್ನು ಇನ್ನಷ್ಟು ಉಜ್ವಲಗೊಳಿಸಿದನು. ನೀರಿಗೆ ಕುಂಚದ ಹೊಡೆತಗಳಿಂದ ಚಲನೆಯನ್ನು ತಂದನು. ಆದರೆ ಎಡೊದ ಅನಾಮಧೇಯನು ಚಾಣದಿಂದ ಸಾಧಿಸಿದ ಆ ಹಗುರವಾದ ಮಳೆಯ ಎಳೆ ದಪ್ಪನೆಯ ಎಣ್ಣೆಬಣ್ಣಕ್ಕೆ ಒಲಿಯಲಿಲ್ಲ. ಪ್ರತಿಭೆಯಿಂದ ಆಗುವ ಕೆಲಸ ಬೇರೆ, ಪರಂಪರೆಯ ಅಭ್ಯಾಸದಿಂದ ಆಗುವ ಕೆಲಸ ಬೇರೆ. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು.

ನಿಜವಾದ ಸೇತುವೆ ಏನಾಯಿತು ಎಂಬುದನ್ನೂ ಹೇಳದೆ ಈ ಕಥೆ ಮುಗಿಯುವುದಿಲ್ಲ. ಮರದ ಸೇತುವೆಯ ಬದಲಿಗೆ 1912ರಲ್ಲಿ ಅಲ್ಲಿ ಲೋಹದ ಸೇತುವೆ ಎದ್ದಿತು. 1923ರ ಸೆಪ್ಟೆಂಬರ್ 1ರಂದು ಟೋಕಿಯೊವನ್ನು ಧ್ವಂಸಗೊಳಿಸಿದ ಭೂಕಂಪ ಬಂದಾಗ ಸುಮಿದಾ ನದಿಯ ಸೇತುವೆಗಳಲ್ಲಿ ಹಲವು ಬೆಂಕಿಗೆ ತುತ್ತಾದವು. ಓಡಿಬಂದವರು ಹೊತ್ತು ತಂದ ಗಂಟುಮೂಟೆಗಳಿಗೇ ಕಿಡಿ ತಗುಲಿ ಸೇತುವೆಗಳು ಉರಿದವು. ಶಿನ್-ಓಹಾಶಿಯ ಮೇಲೆ ಮಾತ್ರ ಪೊಲೀಸರು ಜನರ ಗಂಟುಗಳನ್ನು ಬಿಡಿಸಿ ಎಸೆಯಿಸಿದರು. ಪ್ರಾಣಕ್ಕಿಂತ ಪ್ರಿಯವೆನಿಸಿದ ಗಂಟು ಹೋಯಿತು, ಸೇತುವೆ ಉಳಿಯಿತು. ಅದರ ಮೇಲೆ ನಿಂತ ಸಾವಿರಾರು ಜನರೂ ಉಳಿದರು. ಅಂದಿನಿಂದ ಅದಕ್ಕೆ 'ಜನರನ್ನು ಉಳಿಸಿದ ಸೇತುವೆ' ಎಂಬ ಹೆಸರು ಬಂದಿತು. 1945ರ ವಿಮಾನದಾಳಿಯನ್ನೂ ಅದು ತಾಳಿಕೊಂಡಿತು. 1977ರಲ್ಲಿ ಈಗಿನ ಹೊಸ ಸೇತುವೆ ಸಿದ್ಧವಾಯಿತು. ಹಳೆಯದರ ಒಂದು ಭಾಗವನ್ನು ಇನುಯಾಮಾ ಎಂಬಲ್ಲಿರುವ ಮೇಯ್ಜಿ-ಮುರಾ ಎಂಬ ಬಯಲು ವಸ್ತುಸಂಗ್ರಹಾಲಯದಲ್ಲಿ ಕಾಪಾಡಿ ಇಟ್ಟಿದ್ದಾರೆ.

ಹಿರೋಶಿಗೆ ಕಂಡ ಮರದ ಸೇತುವೆಯ ಒಂದು ಹಲಗೆಯೂ ಇಂದು ನದಿಯ ಮೇಲಿಲ್ಲ. ಅವನ ಕೈಯ ರೇಖಾಚಿತ್ರ ಕೆತ್ತನೆಯಲ್ಲಿ ಸವೆದುಹೋಯಿತು. ಟೋಕಿಯೊದ ಕೆಲವು ಕಾರ್ಯಾಗಾರಗಳಲ್ಲಿ ಈಗಲೂ ಹಳೆಯ ಅಚ್ಚುಗಳನ್ನು ನೋಡಿ ಹೊಸ ಹಲಗೆಗಳನ್ನು ಕೆತ್ತುತ್ತಾರೆ; ಕಿರಿಯರು ಹಿರಿಯರ ಬಳಿ ಕುಳಿತು ಮರದ ಏಣು ಮುರಿಯದಂತೆ ಗೆರೆಯನ್ನು ಉಳಿಸುವ ವಿದ್ಯೆಯನ್ನು ಕಲಿಯುತ್ತಾರೆ. ಎರಡು ಮೊನ್ ಕೊಟ್ಟು ಸೇತುವೆಯನ್ನು ಉಳಿಸಿದ ದಾರಿಹೋಕರ ಪಟ್ಟಿಯನ್ನು ಯಾರೂ ಬರೆದಿಡಲಿಲ್ಲ. ಮಳೆಯನ್ನು ಕೆತ್ತಿದವರ ಪಟ್ಟಿಯೂ ಹಾಗೆಯೇ. ಆದರೂ ಅವರು ಕೊಟ್ಟುದರ ಮೇಲೆಯೇ ಹಿರೋಶಿಗೆಯ ಹೆಸರು ನಿಂತಿದೆ, ಬಗ್ಗಿದ ಬೆನ್ನಿನ ಆ ಜನ ನೂರಾರು ವರ್ಷ ಮಳೆಯಲ್ಲಿ ದಡ ಸೇರಿದ್ದಾರೆ. ಕಟ್ಟುವುದು, ಕಟ್ಟಿ ಹಿಡಿಯುವುದು ಎಂಬ ಧಾತ್ವರ್ಥವನ್ನು ಸಾರ್ಥಕಗೊಳಿಸಿದವರು ಅವರು.